ಟೈಪಿಂಗ್ ಅಕ್ಕನ ಅಂಗಡಿಗೆ ನಾಲ್ಕು ಸಲ ಹೋಗಿ ಬಂದ ಮೇಲೆ

ಅಂಗಡಿಯ ಹೆಸರನ್ನು ಬರೆಯುವುದಿಲ್ಲ. ಬರೆಯಬೇಡಿ ಎಂದು ಅಕ್ಕನೇ ಹೇಳಿದ್ದಾರೆ. “ಈಗ ಬರುವವರಿಗೇ ಬೆಂಚು ಸಾಲುವುದಿಲ್ಲ ಮಾಸ್ಟ್ರೇ, ನೀವು ಬರೆದು ಇನ್ನಷ್ಟು ಜನರನ್ನು ಕಳುಹಿಸಬೇಡಿ” ಎಂದರು. ಕೇರಳದ ಕಾಸರಗೋಡಿನ ಬದಿಯಡ್ಕದ ಆಸುಪಾಸಿನಲ್ಲಿ ಟೈಪಿಂಗ್ ಅಕ್ಕ ಎಂದರೆ ಯಾರಾದರೂ ದಾರಿ ತೋರಿಸುತ್ತಾರೆ. ಹೊರಗಿನ ಬೋರ್ಡು ಮೂರು ಲಿಪಿಗಳಲ್ಲಿದೆ: ಜಾಬ್ ಟೈಪಿಂಗ್, ಜೆರಾಕ್ಸ್, ಲ್ಯಾಮಿನೇಷನ್, ಅರ್ಜಿ ತುಂಬಿಸಿ ಕೊಡಲಾಗುವುದು. ಕನ್ನಡದ ಸಾಲು ಬಿಸಿಲಿಗೆ ಮಾಸಿದೆ. ಮೊದಲು ಬರೆಸಿದ್ದು ಅದೇ, ಉಳಿದೆರಡು ಆಮೇಲೆ ಸೇರಿದವು. ಒಳಗೆ ಒಂದು ಕಂಪ್ಯೂಟರ್, ಒಂದು ಜೆರಾಕ್ಸ್ ಯಂತ್ರ, ಒಂದು ಬೆಂಚು. ಅಟ್ಟದ ಮೇಲೆ ಎರಡು ಹಳೆಯ ಟೈಪ್‌ರೈಟರುಗಳಿವೆ, ಗೋಣಿ ಹೊದ್ದುಕೊಂಡು. ಒಂದು ಕಾಲಕ್ಕೆ ಇದು ಟೈಪಿಂಗ್ ಇನ್‌ಸ್ಟಿಟ್ಯೂಟ್. ನಮ್ಮೂರಿನ ಎಷ್ಟೋ ಹುಡುಗಿಯರು ಲೋವರ್, ಹೈಯರ್ ಪರೀಕ್ಷೆಗಳಿಗೆ ಬೆರಳು ಪಳಗಿಸಿಕೊಂಡದ್ದು ಇಲ್ಲಿಯೇ.

ನಾನು ಹೋದದ್ದು ಆಟಿ ತಿಂಗಳ ಮಳೆ ಹೊಡೆಯುತ್ತಿದ್ದ ಒಂದು ಮಂಗಳವಾರ. ಅಪ್ಪ ತೀರಿಕೊಂಡು ಒಂಬತ್ತು ತಿಂಗಳಾಗಿತ್ತು. ತೋಟದ ದಾಖಲೆ ಇನ್ನೂ ಅವರ ಹೆಸರಿನಲ್ಲಿಯೇ ಇತ್ತು, ಅದನ್ನು ಅಮ್ಮನ ಮತ್ತು ನಮ್ಮ ಹೆಸರಿಗೆ ಮಾಡಿಸಬೇಕಿತ್ತು. ಈ ಖಾತೆ ಬದಲಾವಣೆಗೆ ಮಲಯಾಳದಲ್ಲಿ ‘ಪೋಕ್ಕುವರವ್’ ಎನ್ನುತ್ತಾರೆ. ಬಿಡಿಸಿ ಹೇಳಿದರೆ ಹೋಗುವುದು ಮತ್ತು ಬರುವುದು. ಹೆಸರಿಟ್ಟ ಪುಣ್ಯಾತ್ಮನಿಗೆ ಕಚೇರಿಗಳ ಅನುಭವ ಚೆನ್ನಾಗಿಯೇ ಇದ್ದಿರಬೇಕು.

ನನ್ನ ಪ್ಲಾಸ್ಟಿಕ್ ಚೀಲದಲ್ಲಿ ಇದ್ದದ್ದು ಇಷ್ಟು. ಅಜ್ಜನ ಕಾಲದ ಜಾಗದ ಆಧಾರ, ಅಂದರೆ ಹಕ್ಕಿನ ಪತ್ರ, ಕನ್ನಡದಲ್ಲಿ, ಮೋಡಿ ಕೈಬರಹದಲ್ಲಿ. ನಮ್ಮ ಊರು ಮದರಾಸಿನ ದಕ್ಷಿಣ ಕನ್ನಡದಲ್ಲಿದ್ದಾಗ, ಅಂದರೆ 1956ರ ನವೆಂಬರ್ ಒಂದಕ್ಕೆ ಮುಂಚೆ ಆದದ್ದು. ತೀರ್ವೆ ರಶೀದಿ ಮಲಯಾಳದಲ್ಲಿ. ಬ್ಯಾಂಕಿನ ಪುಸ್ತಕ ಇಂಗ್ಲಿಷಿನಲ್ಲಿ. ಅಪ್ಪನ ಹೆಸರು ‘ಈ’ಕಾರದಿಂದ ಶುರುವಾಗುತ್ತದೆ. ಇಂಗ್ಲಿಷಿಗೆ ಇಳಿಯುವಾಗ ಅದು ಒಂದು ಕಡೆ ‘ಐ’ ಅಕ್ಷರ ಹಿಡಿದಿದೆ, ಇನ್ನೊಂದು ಕಡೆ ‘ಇ’ ಅಕ್ಷರ, ಮತ್ತೊಂದು ಕಡೆ ‘ಇ’ಯ ಹಿಂದೆ ‘ಎ’ಯನ್ನೂ ಎಳೆದುಕೊಂಡು ಬಂದಿದೆ. ಮೂರು ಸ್ಪೆಲ್ಲಿಂಗ್, ಮೂವರು ಅಪ್ಪಂದಿರು.

ನಾನು ಸಾಮಾನ್ಯವಾಗಿ ಹೋಗುತ್ತಿದ್ದ ಬೇರೊಂದು ಕಡೆ, ಹೆಸರು ಬೇಡ, ಇದೇ ಚೀಲವನ್ನು ಹಿಡಿದು ಎರಡು ಸಲ ಕುಳಿತಿದ್ದೆ. ಅಲ್ಲಿನ ಹುಡುಗ ಪರದೆ ನೋಡುತ್ತಲೇ “ಹೆಸರು ಹೇಳಿ” ಎನ್ನುತ್ತಿದ್ದ, ನಾನು ಹೇಳಿದ ಹಾಗೆ ಹೊಡೆಯುತ್ತಿದ್ದ. ಅರ್ಜಿ ಎರಡು ಸಲವೂ ತಿರುಗಿ ಬಂತು. ಅಕ್ಕ ನನ್ನ ಹೆಸರನ್ನು ಕೇಳಲೇ ಇಲ್ಲ. “ಜಾಗದ ಆಧಾರ ಮೊದಲು ಕೊಡಿ. ಕಾರ್ಡಿನ ಆಧಾರ್ ಅಲ್ಲ, ಜಾಗದ ಆಧಾರ” ಎಂದರು. ಆಮೇಲೆ ಕಂಪ್ಯೂಟರಿನ ಬದಿಗೆ ಮೊಳೆಗೆ ತೂಗುಹಾಕಿದ್ದ ಲ್ಯಾಮಿನೇಷನ್ ಮಾಡಿದ ಹಾಳೆಯೊಂದನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

ಈ ಬರಹ ಬರೆಯಲು ಕಾರಣ ಆ ಹಾಳೆ.

ಎರಡೂ ಬದಿ ಟೈಪ್ ಮಾಡಿದ್ದು, ಮೂಲೆಗಳು ಬೆರಳಿನ ಎಣ್ಣೆಗೆ ಹಳದಿಯಾಗಿವೆ. ಮೂರು ಕಂಬಸಾಲುಗಳು. ಎಡಗಡೆ ಅರ್ಜಿಯಲ್ಲಿ ಬರುವ ಮಲಯಾಳದ ಮಾತು, ಕನ್ನಡ ಲಿಪಿಯಲ್ಲಿ. ನಡುವೆ ಅದರ ಕನ್ನಡ. ಬಲಗಡೆ ಕೆಂಪು ಅಕ್ಷರದಲ್ಲಿ, ಬಂದವರೊಡನೆ ಹೇಗೆ ಕೇಳಬೇಕು ಎಂಬ ಸೂಚನೆ. ‘ಅಪೇಕ್ಷ’ ಎಂದರೆ ಅರ್ಜಿ, ಆಸೆ ಅಲ್ಲ. ‘ಅವಕಾಶಿ’ ಎಂದರೆ ಹಕ್ಕುದಾರ, ಅವಕಾಶ ಸಿಕ್ಕಿದವ ಅಲ್ಲ; ‘ಅನಂತರಾವಕಾಶಿ’ ವಾರಸುದಾರ. ‘ಬಂಧಂ’ ಎಂದರೆ ಸಂಬಂಧ, ಪೊಲೀಸ್ ವಿಷಯ ಅಲ್ಲ ಎಂದು ಮೊದಲೇ ಹೇಳು. ‘ವೀಟ್ಟುಪೇರ್’ ಮನೆ ಹೆಸರು, ಅಲ್ಲಿ ಭಟ್, ರೈ, ಶೆಟ್ಟಿ ಹಾಕಬೇಡ, ಕಾಗದ ಬಂದರೆ ಪೋಸ್ಟಿನವ ಯಾವ ಮನೆಗೆ ತರುತ್ತಾನೆ ಎಂದು ಕೇಳು. ಹೆಸರಿನ ಸಾಲಿನ ಎದುರು: ‘ನಿಮ್ಮ ಹೆಸರೇನು ಎಂದು ಕೇಳಬೇಡ, ಕಾಗದ ನೋಡು.’ ಅತ್ತ ಮಲಯಾಳ ಬಾರದ, ಇತ್ತ ಇಂಗ್ಲಿಷೂ ಬಾರದ ಎಪ್ಪತ್ತು ದಾಟಿದ ಕನ್ನಡದ ಅಜ್ಜಂದಿರು ದಿನವೂ ಬರುವ ಅಂಗಡಿಯಲ್ಲಿ ಇದರ ಬೆಲೆ ಏನೆಂದು ಗಡಿನಾಡಿನವರಿಗೆ ವಿವರಿಸಬೇಕಾಗಿಲ್ಲ.

ಇಲ್ಲಿ ನನ್ನ ಕಥೆ ಸ್ವಲ್ಪ ಹೇಳಲೇಬೇಕು, ಇಲ್ಲವಾದರೆ ಒಂದು ಜೆರಾಕ್ಸ್ ಅಂಗಡಿಯ ಬಗ್ಗೆ ಇವನಿಗೇಕೆ ಇಷ್ಟು ಉಮೇದು ಎಂದು ಅನ್ನಿಸೀತು. ನಾನು ಹೈಯರ್ ಸೆಕೆಂಡರಿಯಲ್ಲಿ ಕಂಪ್ಯೂಟರ್ ಕಲಿಸುವವನು. ಕೆಲಸದ ನಡುವೆಯೇ ಆರು ವರ್ಷ ಎಳೆದು ಮಾಹಿತಿ ವ್ಯವಸ್ಥೆಗಳಲ್ಲಿ ಪಿಎಚ್‌ಡಿ ಮಾಡಿದೆ. ನಾನು ಹಿಡಿದ ದಾರಿಯ ಹೆಸರು ಡಿಸೈನ್ ಸೈನ್ಸ್, ವಿನ್ಯಾಸ ವಿಜ್ಞಾನ. ಬಟ್ಟೆಯ ಡಿಸೈನೂ ಅಲ್ಲ, ಪೋಸ್ಟರಿನ ಡಿಸೈನೂ ಅಲ್ಲ. ಈ ಕ್ಷೇತ್ರದಲ್ಲಿ ಎರಡು ಬಗೆಯ ಸಂಶೋಧಕರಿದ್ದಾರೆ. ಒಬ್ಬರು ಜನ ಕಂಪ್ಯೂಟರನ್ನು ಏಕೆ ಬಳಸುತ್ತಾರೆ, ಏಕೆ ಬಳಸುವುದಿಲ್ಲ ಎಂದು ನೋಡಿ ವಿವರಿಸುವವರು. ಇನ್ನೊಬ್ಬರು ಒಂದು ತೊಂದರೆಗೆ ಉತ್ತರವಾಗಿ ಒಂದು ವಸ್ತುವನ್ನು ಮಾಡಿ, ಅದು ಉಪಯೋಗಕ್ಕೆ ಬರುತ್ತದೆಯೇ ಎಂದು ಪರೀಕ್ಷಿಸಿ, ಆ ಮಾಡುವಿಕೆಯಿಂದಲೇ ತಿಳಿವಳಿಕೆ ಹುಟ್ಟಿಸುವವರು. ವಸ್ತು ಎಂದರೆ ಸಾಫ್ಟ್‌ವೇರೇ ಆಗಬೇಕೆಂದಿಲ್ಲ. ಮಾರ್ಚ್ ಮತ್ತು ಸ್ಮಿತ್ ಎಂಬ ಇಬ್ಬರು ಸಂಶೋಧಕರು 1995ರಲ್ಲಿಯೇ ನಾಲ್ಕು ಬಗೆ ಹೇಳಿದ್ದಾರೆ: ಪರಿಕಲ್ಪನೆಗಳು, ಮಾದರಿಗಳು, ವಿಧಾನಗಳು, ಮತ್ತು ನಿಜವಾಗಿ ಕಟ್ಟಿ ನಿಲ್ಲಿಸಿದ ರೂಪ. ಇಡೀ ಯೋಚನೆಯ ಅಜ್ಜ ಹರ್ಬರ್ಟ್ ಸೈಮನ್. 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು, 1969ರಷ್ಟು ಹಿಂದೆಯೇ ಮನುಷ್ಯ ಮಾಡಿದ ವಸ್ತುಗಳಿಗೂ ಒಂದು ವಿಜ್ಞಾನ ಬೇಕು ಎಂದು ವಾದಿಸಿದವರು. ಆದರೆ ನಮ್ಮಂಥ ವಿದ್ಯಾರ್ಥಿಗಳು ಕಂಠಪಾಠ ಮಾಡುವುದು 2004ರ ಒಂದು ಲೇಖನವನ್ನು: ಹೆವ್ನರ್, ಮಾರ್ಚ್, ಪಾರ್ಕ್ ಮತ್ತು ಸುಧಾ ರಾಮ್ ಸೇರಿ ಎಂಐಎಸ್ ಕ್ವಾರ್ಟರ್ಲಿ ಎಂಬ ಸಂಶೋಧನಾ ಪತ್ರಿಕೆಯಲ್ಲಿ ಬರೆದದ್ದು. ಅದರಲ್ಲಿ ಏಳು ಸೂತ್ರಗಳಿವೆ. ನನ್ನ ಪ್ರಬಂಧದಲ್ಲಿ ಆ ಏಳಕ್ಕೂ ಒಂದೊಂದು ಉಪಶೀರ್ಷಿಕೆ ಇತ್ತು. ಏಳೂ ಕಡೆ ಸರಿ ಗುರುತು ಬಿತ್ತು.

ನಾನು ಮಾಡಿದ ವಸ್ತು ಅಡಿಕೆ ಕೃಷಿಕರಿಗೆ ಮದ್ದು ಬಿಡುವ ದಿನವನ್ನು ನೆನಪಿಸುವ ಮೊಬೈಲ್ ಆ್ಯಪ್. ಕೊಳೆರೋಗಕ್ಕೆ ಬೋರ್ಡೋ ಎಂಬ ತುತ್ತು-ಸುಣ್ಣದ ದ್ರಾವಣ ಮೊದಲ ಸಲ ಮಳೆ ಹಿಡಿಯುವ ಮೊದಲು, ಎರಡನೆಯದು 40–45 ದಿನ ಬಿಟ್ಟು. ಮಳೆಯ ಮುನ್ಸೂಚನೆ ನೋಡಿ ದಿನ ಹೇಳುತ್ತಿತ್ತು, ಕನ್ನಡದಲ್ಲಿ ಮಾತನಾಡುತ್ತಿತ್ತು. ಬಹಳ ಹೆಮ್ಮೆಯಿಂದ ಅಪ್ಪನ ಕೈಗೆ ಕೊಟ್ಟೆ. ಜಗಲಿಯಲ್ಲಿ ಕುಳಿತು ಕನ್ನಡಕ ಏರಿಸಿ ನೋಡಿದರು, ಪೂರ್ತಿ ಕೇಳಿದರು. “ದಿನ ನನಗೆ ಗೊತ್ತಿದೆ. ಮರ ಹತ್ತುವವ ಯಾವ ದಿನ ಬರುತ್ತಾನೆ ಎಂದು ಇದು ಹೇಳುತ್ತದೆಯೇ?” ಎಂದು ಕೇಳಿ ಫೋನನ್ನು ಹಿಂದೆ ಕೊಟ್ಟರು.

ಹೆವ್ನರ್ ಅವರ ಎರಡನೆಯ ಸೂತ್ರ ‘ಸಮಸ್ಯೆ ಪ್ರಸ್ತುತವಾಗಿರಬೇಕು’. ಅದರ ಮೇಲೆ ನಾನು ಹನ್ನೆರಡು ಪುಟ ಬರೆದಿದ್ದೆ. ಅಪ್ಪನ ಪ್ರಶ್ನೆಗೆ ಆ ಹನ್ನೆರಡು ಪುಟಗಳಲ್ಲಿ ಉತ್ತರ ಇರಲಿಲ್ಲ. ಈಗ ನೆಲದಲ್ಲಿ ನಿಂತೇ ಮದ್ದು ಬಿಡುವ ಕಾರ್ಬನ್ ಫೈಬರಿನ ದೋಟಿ ಬಂದಿದೆ. ಅದನ್ನು ಮಾಡಿದವರು ಯಾವ ಲೇಖನ ಓದಿದ್ದರೋ ಕಾಣೆ, ಅಪ್ಪನ ಪ್ರಶ್ನೆಯನ್ನಂತೂ ಸರಿಯಾಗಿ ಕೇಳಿಸಿಕೊಂಡಿದ್ದರು. ನನ್ನ ಆ್ಯಪ್ ಇಂದು ಯಾರ ಮೊಬೈಲಿನಲ್ಲಿಯೂ ಇಲ್ಲ. ಫೋನ್ ಬದಲಿಸಿದಾಗ ನಾನೇ ಮತ್ತೆ ಹಾಕಿಕೊಳ್ಳಲಿಲ್ಲ.

ಆದರೂ ಪದವಿ ಸಿಕ್ಕಿತಲ್ಲ, ಹೇಗೆ? ಮೌಲ್ಯಮಾಪನದಿಂದ. ಕಂಪ್ಯೂಟರ್ ಲ್ಯಾಬಿನಲ್ಲಿ 30 ಮಂದಿ ಕಾಲೇಜು ಮಕ್ಕಳನ್ನು ಕುಳ್ಳಿರಿಸಿ, ಆ್ಯಪ್ ತೋರಿಸಿ, ಉಪಯುಕ್ತ ಎನ್ನಿಸಿತೇ, ಸುಲಭ ಎನ್ನಿಸಿತೇ ಎಂದು ಐದು ಅಂಕಗಳ ಮಾಪಕದಲ್ಲಿ ಗುರುತು ಹಾಕಿಸಿದೆ. ಫ್ರೆಡ್ ಡೇವಿಸ್ 1989ರಲ್ಲಿ ಬರೆದ ಪ್ರಶ್ನೆಗಳ ಸಂತತಿ ಅದು, ನಮ್ಮ ಕ್ಷೇತ್ರದಲ್ಲಿ ಎಲ್ಲಿ ನೋಡಿದರೂ ಸಿಗುತ್ತದೆ. ಸರಾಸರಿ ನಾಲ್ಕರ ಮೇಲೆ ಬಂತು. ಆ 30 ಮಂದಿಯಲ್ಲಿ ತೋಟ ಇದ್ದವರು ಎಷ್ಟು ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅಪ್ಪ ಬೋರ್ಡೋ ಮಾಡುತ್ತಿದ್ದ ಕ್ರಮ ಇಲ್ಲಿ ನೆನಪಾಗುತ್ತದೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತ ಕಲಕುವುದು. ಕೊನೆಗೆ ಉಜ್ಜಿ ಹೊಳಪು ಮಾಡಿದ ಪಿಸ್ಕತ್ತಿಯನ್ನು ಅದರಲ್ಲಿ ಅದ್ದಿ ಸ್ವಲ್ಪ ಹೊತ್ತು ಹಿಡಿಯುತ್ತಿದ್ದರು. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದು ಅರ್ಥ. ಇನ್ನಷ್ಟು ಹಾಕಿ ಮತ್ತೆ ಅದ್ದುವುದು. ಇದು ಅಂಗಳದ ಪರೀಕ್ಷೆ. ಇನ್ನೊಂದು ಪರೀಕ್ಷೆ ತೋಟದ್ದು: ಆಟಿಯಲ್ಲಿ ಬೆಳಗ್ಗೆ ಎದ್ದು ಮರದ ಬುಡದಲ್ಲಿ ಎಳೆಕಾಯಿ ಎಷ್ಟು ಉದುರಿದೆ ಎಂದು ನೋಡುವುದು. ವೆನಬಲ್, ಪ್ರೀಸ್-ಹೆಯೆ, ಬಾಸ್ಕರ್ವಿಲ್ ಎಂಬ ಮೂವರು 2016ರಲ್ಲಿ ವಿನ್ಯಾಸ ವಿಜ್ಞಾನದ ಮೌಲ್ಯಮಾಪನಕ್ಕೆ ಒಂದು ಚೌಕಟ್ಟು ಕೊಟ್ಟಾಗ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಮಾಡುತ್ತಿರುವಾಗ ತಿದ್ದಿಕೊಳ್ಳಲು ಒಂದು ಬಗೆ, ಮುಗಿದ ಮೇಲೆ ತೀರ್ಪು ಕೊಡಲು ಇನ್ನೊಂದು ಬಗೆ. ಕೃತಕ ಪರಿಸರದಲ್ಲಿ ಒಂದು, ನಿಜವಾದ ಜನರ ನಿಜವಾದ ಕೆಲಸದ ನಡುವೆ ಇನ್ನೊಂದು. ನಾನು ಲ್ಯಾಬಿನಲ್ಲಿ ಕತ್ತಿ ಅದ್ದಿದೆ, ತೋಟಕ್ಕೆ ಹೋಗಲೇ ಇಲ್ಲ.

ಅಕ್ಕ ದಿನವೂ ತೋಟದಲ್ಲಿದ್ದಾರೆ. ಎರಡನೆಯ ಸಲ ಹೋದಾಗ ಕರೆಂಟು ಹೋಗಿತ್ತು, ಮಾತಿಗೆ ಸಮಯ ಸಿಕ್ಕಿತು. ಈ ಹಾಳೆ ಹೇಗೆ ಆಯಿತು ಎಂದು ಕೇಳಿದೆ. ಮೇಜಿನ ಕೆಳಗಿನಿಂದ ಉದ್ದದ ಲೆಡ್ಜರ್ ಪುಸ್ತಕವೊಂದನ್ನು ತೆಗೆದು ಕೊಟ್ಟರು. ಮೇಲೆ ‘ತಿರುಗಿ ಬಂದದ್ದು’ ಎಂದು ಬರೆದಿದೆ. ಅವರ ಅಂಗಡಿಯಿಂದ ಹೋಗಿ ತಿರಸ್ಕಾರವಾದ ಪ್ರತಿಯೊಂದು ಅರ್ಜಿಗೂ ಒಂದು ಸಾಲು: ತಾರೀಕು, ಯಾವ ಅರ್ಜಿ, ಏಕೆ ಬಂತು, ತಪ್ಪು ಯಾರದ್ದು. ‘ತಪ್ಪು ಯಾರದ್ದು’ ಎಂಬ ಕಂಬಸಾಲಿನಲ್ಲಿ ಮೂರೇ ಉತ್ತರಗಳು: ‘ಅವರದ್ದು’, ‘ಕಚೇರಿಯದ್ದು’, ‘ನನ್ನದು’. ‘ನನ್ನದು’ ಮಾತ್ರ ಕೆಂಪು ಶಾಯಿಯಲ್ಲಿ. ನಾನು ತೆರೆದ ಪುಟದಲ್ಲಿ 22 ಸಾಲುಗಳಿದ್ದವು, 9 ಕೆಂಪು. ಪುಟ ತಿರುವಿದ ಹಾಗೆ ಕೆಂಪು ತೆಳ್ಳಗಾಗುತ್ತ ಬರುತ್ತದೆ. ನಡುವೆ ಒಂದೆಡೆ ಥಟ್ಟನೆ ಮತ್ತೆ ದಟ್ಟ. “ಅಲ್ಲಿ ಏನಾಯಿತು?” ಎಂದೆ. “ಆಗ ಅರ್ಜಿಯ ನಮೂನೆ ಬದಲಾಯಿತು, ಹಾಳೆ ಹಳೆಯದೇ ಇತ್ತು” ಎಂದರು, ಮಳೆ ಬಂತು ಕೊಡೆ ಇರಲಿಲ್ಲ ಎನ್ನುವ ಹಾಗೆ.

ಹಾಳೆ ಈಗಿನದು ಐದನೆಯದಂತೆ. ಮೊದಲನೆಯದನ್ನು ಅಕಾರಾದಿಯಾಗಿ, ನಿಘಂಟಿನ ಹಾಗೆ ಮಾಡಿದ್ದರು. ಅರ್ಜಿ ಅಕಾರಾದಿಯಾಗಿ ಬರುವುದಿಲ್ಲವಲ್ಲ, ಹುಡುಕುವುದರಲ್ಲಿಯೇ ಹೊತ್ತು ಹೋಗುತ್ತಿತ್ತು. ಎರಡನೆಯದು ಅರ್ಜಿಯ ಸಾಲಿನ ಕ್ರಮದಲ್ಲಿ. ಅದರಲ್ಲಿ ಅರ್ಥ ಇತ್ತು, ಕೇಳುವ ಕ್ರಮ ಇರಲಿಲ್ಲ. ಮೂರನೆಯದಕ್ಕೆ ಕೆಂಪು ಕಂಬಸಾಲು ಬಂತು. ನಾಲ್ಕರಲ್ಲಿ ಏನು ಎಂದು ಅವರಿಗೂ ನೆನಪಿಲ್ಲ, ಲ್ಯಾಮಿನೇಷನ್ ಒಳಗೆ ನೀರು ಹೋಗಿ ಹಾಳಾಯಿತು ಎಂದಷ್ಟೇ ನೆನಪು. ಪೆಫರ್ಸ್ ಮತ್ತು ಜೊತೆಯವರು 2007ರಲ್ಲಿ ವಿನ್ಯಾಸ ವಿಜ್ಞಾನಕ್ಕೆ ಹಾಕಿಕೊಟ್ಟ ಆರು ಹೆಜ್ಜೆಗಳ ಚಿತ್ರ ನನ್ನ ಪ್ರಬಂಧದ ಮೂರನೆಯ ಅಧ್ಯಾಯದಲ್ಲಿದೆ: ಸಮಸ್ಯೆ ಗುರುತಿಸು, ಗುರಿ ನಿಶ್ಚಯಿಸು, ಕಟ್ಟು, ಮಾಡಿ ತೋರಿಸು, ಅಳೆ, ತಿಳಿಸು. ಕೊನೆಯಿಂದ ಹಿಂದಕ್ಕೆ ಹೋಗುವ ಬಾಣಗಳೂ ಆ ಚಿತ್ರದಲ್ಲಿವೆ. ನಾನು ಬಾಣಗಳನ್ನು ಬಣ್ಣ ಹಾಕಿ ಚೆನ್ನಾಗಿ ಬಿಡಿಸಿದ್ದೆ, ಅವುಗಳ ಮೇಲೆ ಒಂದು ದಿನವೂ ನಡೆದಿರಲಿಲ್ಲ.

ಕೆಂಪು ಶಾಯಿ ಎಲ್ಲಿಂದ ಬಂತು ಎಂಬುದು ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ. ಟೈಪಿಂಗ್ ಕಲಿಸುವಾಗ ಹುಡುಗಿಯರ ಹಾಳೆಯಲ್ಲಿ ತಪ್ಪಿಗೆ ಕೆಂಪು ಗೆರೆ ಎಳೆದು, ಬದಿಗೆ ಎಣಿಕೆ ಬರೆದು, ಯಾವ ಬೆರಳು ಹೆಚ್ಚು ತಪ್ಪುತ್ತದೆ ಎಂದು ನೋಡಿ, ಆ ಬೆರಳಿಗೆ ಬೇರೆ ಪಾಠ ಕೊಡುತ್ತಿದ್ದರಂತೆ. “ಅಲ್ಲಿ ಬೆರಳು, ಇಲ್ಲಿ ಕಾಲಂ. ಅಷ್ಟೇ ವ್ಯತ್ಯಾಸ ಮಾಸ್ಟ್ರೇ.” ಗ್ರೆಗರ್ ಮತ್ತು ಹೆವ್ನರ್ 2013ರಲ್ಲಿ ಇಂಥ ಸಂಶೋಧನೆಯ ಕೊಡುಗೆಯನ್ನು ನಾಲ್ಕು ಮನೆಗಳಲ್ಲಿ ಹಂಚಿದ್ದಾರೆ. ಹೊಸ ಸಮಸ್ಯೆಗೆ ಹೊಸ ಪರಿಹಾರವಾದರೆ ಆವಿಷ್ಕಾರ. ಹಳೆಯ ಸಮಸ್ಯೆಗೆ ಹೊಸ ಪರಿಹಾರವಾದರೆ ಸುಧಾರಣೆ. ಒಂದು ಕಡೆ ಪಳಗಿದ ಪರಿಹಾರವನ್ನು ಇನ್ನೊಂದು ಕಡೆಯ ಹೊಸ ಸಮಸ್ಯೆಗೆ ತಂದು ಒಗ್ಗಿಸುವುದು ಮೂರನೆಯ ಮನೆ. ಹಳೆಯದಕ್ಕೆ ಹಳೆಯದನ್ನೇ ಹಚ್ಚುವುದು ನಾಲ್ಕನೆಯದು, ಅದು ದಿನನಿತ್ಯದ ಕೆಲಸ, ಸಂಶೋಧನೆ ಎಂದು ಸಾಮಾನ್ಯವಾಗಿ ಲೆಕ್ಕಕ್ಕೆ ಬಾರದು. ಅಕ್ಕ ಕುಳಿತಿರುವುದು ಮೂರನೆಯ ಮನೆಯಲ್ಲಿ.

ಇದನ್ನು ನನ್ನ ಮಾರ್ಗದರ್ಶಕರಿಗೆ ಫೋನಿನಲ್ಲಿ ಹೇಳಿದೆ. “ಅದು ಅಂಗಡಿಯ ಜಾಣತನ, ಸಂಶೋಧನೆಯಲ್ಲ” ಎಂದರು. ಸಿಟ್ಟು ಬಂತು, ಆದರೆ ಅವರು ಹೇಳಿದ್ದರಲ್ಲಿ ಅರ್ಧ ಸರಿ. ಹೆವ್ನರ್ ಬಳಗವೇ ಆ ಗೆರೆ ಎಳೆದಿದೆ: ಮಾಡಿದ್ದು ಬರಿಯ ಆ ಕೆಲಸಕ್ಕೆ ಮುಗಿಯದೆ, ಎಲ್ಲರ ತಿಳಿವಳಿಕೆಗೆ ಏನಾದರೂ ಸೇರಿಸಬೇಕು, ಅದನ್ನು ತಂತ್ರಜ್ಞರಿಗೂ ಆಡಳಿತದವರಿಗೂ ಅರ್ಥವಾಗುವ ಹಾಗೆ ತಿಳಿಸಬೇಕು. ಆ ತಿಳಿಸುವುದೇ ಏಳನೆಯ ಸೂತ್ರ. ಅಕ್ಕನ ಲೆಡ್ಜರನ್ನು ಓದಿದ ಹೊರಗಿನವನು ಬಹುಶಃ ನಾನೊಬ್ಬನೇ.

ಮೂರನೆಯ ಸಲ ಹೋದಾಗ ಈ ಮಾತು ಎಷ್ಟು ನಿಜವೆಂದು ಕಣ್ಣಾರೆ ಕಂಡೆ. ಅಕ್ಕ ಯಾವುದೋ ಮದುವೆಗೆ ಹೋಗಿದ್ದರು, ಅವರ ತಂಗಿಯ ಮಗಳು ಕುಳಿತಿದ್ದಳು. ಹಾಳೆ ನೋಡಿಕೊಂಡು ಎದುರಿನ ಅಜ್ಜನೊಬ್ಬರ ಅರ್ಜಿ ತುಂಬುತ್ತಿದ್ದಳು. ಮುಕ್ಕಾಲು ಭಾಗ ಸರಾಗವಾಗಿ ಹೋಯಿತು. ‘ಕೈವಶ’ ಎಂಬಲ್ಲಿ ಬಂದು ನಿಂತಿತು. ಕೆಂಪು ಕಂಬಸಾಲಿನಲ್ಲಿ ‘ನೋಡಿ ಹಾಕು’ ಎಂದಿಷ್ಟೇ ಇದೆ. ಏನು ನೋಡಬೇಕು? ಅದು ಅಕ್ಕನ ತಲೆಯಲ್ಲಿದೆ. ಹುಡುಗಿ ಫೋನ್ ಮಾಡಿದಳು, ಆಚೆ ಕಡೆಯಿಂದ ಓಲಗದ ಸದ್ದು ಮಾತ್ರ ಕೇಳಿಸಿತು. ಅಜ್ಜ ನಾಳೆ ಬರುತ್ತೇನೆಂದು ಎದ್ದರು. ಮಾಡಿದವರ ಕೈ ಬಿಟ್ಟು ಇನ್ನೊಬ್ಬರ ಕೈಯಲ್ಲಿ ಎಷ್ಟು ದೂರ ನಡೆಯುತ್ತದೆ ಎಂಬುದು ಯಾವ ವಸ್ತುವಿಗೂ ಕಠಿಣ ಪರೀಕ್ಷೆ. ಹಾಳೆ ಅದರಲ್ಲಿ ಪಾಸಾಯಿತು, ಫಸ್ಟ್ ಕ್ಲಾಸ್ ಬರಲಿಲ್ಲ.

ಬೇರೆ ಕೊರತೆಗಳೂ ಇವೆ, ಮುಚ್ಚಿಡುವುದಿಲ್ಲ. ಕಾಯುವುದು ಬಹಳ. ಟೋಕನ್ ಇಲ್ಲ, ಬೆಂಚಿನಲ್ಲಿ ಕುಳಿತ ಕ್ರಮವೇ ಸರದಿ; ಚಹಾ ಕುಡಿಯಲು ಎದ್ದರೆ ಸರದಿ ಹೋಯಿತು. ಜೆರಾಕ್ಸ್ ಒಂದು ಬದಿಗೆ 2 ರೂಪಾಯಿ, ಮಳೆಗಾಲದಲ್ಲಿ ಕಪ್ಪು ಹರಡುತ್ತದೆ. ಒಂದು ವಿಷಯಕ್ಕಂತೂ ನಾನು ಜಗಳವನ್ನೇ ಮಾಡಿದೆ. ನನಗೆ ರಶೀದಿ ಬರೆದುಕೊಟ್ಟದ್ದು ಹಾಳಾದ ಜೆರಾಕ್ಸ್ ಕಾಗದದ ಹಿಂಬದಿಯಲ್ಲಿ. ತಿರುಗಿಸಿ ನೋಡಿದರೆ ಯಾರದೋ ಆಧಾರ್ ಕಾರ್ಡಿನ ಅರ್ಧ: ಭಾವಚಿತ್ರ, ನಂಬರಿನ ಎಂಟು ಅಂಕೆಗಳು. “ಕಾಗದ ಬಿಸಾಡುವುದು ಹೇಗೆ ಮಾಸ್ಟ್ರೇ” ಎಂದರು ಅಕ್ಕ. ಟೈಪಿಂಗ್ ಕ್ಲಾಸಿನ ಕಾಲದ ಅಭ್ಯಾಸ, ಆಗ ಹಿಂಬದಿಯಲ್ಲಿ ‘ಎ ಎಸ್ ಡಿ ಎಫ್’ ಅಲ್ಲದೆ ಬೇರೇನೂ ಇರುತ್ತಿರಲಿಲ್ಲ. ಈಗಿನ ಕಾಗದಗಳನ್ನು ಹರಿದು ಒಲೆಗೆ ಹಾಕಬೇಕು ಎಂದು ಹೇಳಿ ಬಂದೆ. ನಾಲ್ಕನೆಯ ಸಲ ಹೋದಾಗ ರಶೀದಿಗೆ ಹೊಸ ಪುಸ್ತಕ ಬಂದಿತ್ತು.

ಸೈಮನ್ ಒಂದು ಇರುವೆಯ ಮಾತು ಹೇಳುತ್ತಾರೆ. ಕಡಲ ತೀರದ ಮರಳಿನಲ್ಲಿ ಇರುವೆ ಹೋದ ದಾರಿ ಬಹಳ ಸೊಟ್ಟ, ಬಹಳ ಜಟಿಲ. ಆದರೆ ಆ ಜಟಿಲತೆ ಇರುವೆಯದ್ದಲ್ಲ, ಮರಳಿನ ಏರುತಗ್ಗಿನದ್ದು. ಆ ಅಂಗಡಿಯ ಬೆಂಚಿನಲ್ಲಿ ಚೀಲ ಹಿಡಿದು ಕುಳಿತವರನ್ನು ನೋಡುವಾಗ ನನಗೆ ಇದೇ ನೆನಪಾಗುತ್ತಿತ್ತು. ವಿಲ್ಲೇಜ್ ಆಫೀಸಿನಿಂದ ತಾಲೂಕಿಗೆ, ತಾಲೂಕಿನಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ಇಲ್ಲಿಗೆ ಸುತ್ತುವ ಇವರಿಗೆ ‘ಏನೂ ಗೊತ್ತಾಗುವುದಿಲ್ಲ’ ಎಂದು ಬೇರೆ ಕೌಂಟರುಗಳಲ್ಲಿ ಬೈಯುವುದನ್ನು ಕೇಳಿದ್ದೇನೆ. ಮೂರು ಲಿಪಿ, ಎರಡು ರಾಜ್ಯಗಳ ಇತಿಹಾಸ, ಒಂದು ಹೆಸರಿಗೆ ಮೂರು ಸ್ಪೆಲ್ಲಿಂಗ್. ಇಂಥ ಮರಳಿನಲ್ಲಿ ನೇರ ನಡೆಯುವ ಇರುವೆ ಯಾವುದಿದೆ?

ನನ್ನ ಅರ್ಜಿಯ ಗತಿ ಏನಾಯಿತು ಎಂದು ಹೇಳಲಿಲ್ಲ. ಅದೂ ಒಮ್ಮೆ ತಿರುಗಿ ಬಂತು, ಅಕ್ಕನ ಅಂಗಡಿಯಿಂದ ಹೋದ ಮೇಲೆಯೇ. ಆಧಾರ, ರಶೀದಿ, ಪುಸ್ತಕ ಎಲ್ಲವನ್ನೂ ಅವರು ಹೊಂದಿಸಿದ್ದರು, ಆ ಮೂವರು ಅಪ್ಪಂದಿರೂ ಒಬ್ಬರೇ ಎಂಬ ಸರ್ಟಿಫಿಕೇಟಿಗೂ ಹಾಕಿಸಿದ್ದರು. ಅಪ್ಪನನ್ನು ಬಲ್ಲವರಿಗೆ ಇದು ತಮಾಷೆ. ಒಬ್ಬರೇ ಆದರೂ ಮೂವರ ಹಟ ಅವರಲ್ಲಿತ್ತು. ಉಳಿದದ್ದು ಮರಣ ಪ್ರಮಾಣಪತ್ರ. ಅದರಲ್ಲಿ ಇನಿಷಿಯಲನ್ನು ಬಿಡಿಸಿ ಪೂರ್ತಿ ಬರೆದಿದ್ದರು. ನಾಲ್ಕನೆಯ ಅಪ್ಪ ಹೊರಬಿದ್ದರು.

ಅಕ್ಕ ಕಾಗದ ನೋಡಿ ಏನೂ ಹೇಳಲಿಲ್ಲ. ಲೆಡ್ಜರ್ ತೆಗೆದು, ಕೆಂಪು ಪೆನ್ನಿನ ಮುಚ್ಚಳ ಕಚ್ಚಿ ತೆಗೆದು ಬರೆದರು: ‘ಪೋಕ್ಕುವರವ್. ಮರಣ ಪತ್ರದಲ್ಲಿ ಇನಿಷಿಯಲ್ ಬಿಡಿಸಿದೆ. ನನ್ನದು.’ ಇದು ಆಸ್ಪತ್ರೆಯವರೋ ಪಂಚಾಯತಿನವರೋ ಬರೆದದ್ದಲ್ಲವೇ, ನಿಮ್ಮದು ಹೇಗೆ ಎಂದು ಕೇಳಿದೆ. “ಬರೆದದ್ದು ಅವರು, ನೋಡದೆ ಇದ್ದದ್ದು ನಾನು” ಎಂದು ಮೊಳೆಯಿಂದ ಹಾಳೆ ತೆಗೆದು, ಹೆಸರಿನ ಸಾಲಿನ ಪಕ್ಕ ಲ್ಯಾಮಿನೇಷನ್ನಿನ ಮೇಲೆಯೇ ಒಂದು ಬಿಳಿ ಚೀಟಿ ಅಂಟಿಸಿದರು. ಚೀಟಿಯಲ್ಲಿ ‘ಮರಣ ಪತ್ರವನ್ನೂ’ ಎಂದಿತ್ತು. ಎರಡನೆಯ ಸಲ ತುಂಬಿಸಿದ್ದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಕೆಂಪು ಸಾಲಿನವರಿಂದ ತೆಗೆದುಕೊಳ್ಳುವುದಿಲ್ಲವಂತೆ. ಹೊಸ ಹಾಳೆ, ಆರನೆಯದು, ಕನ್ಯಾ ತಿಂಗಳಿಗೆ ಮೊದಲು ಟೈಪ್ ಮಾಡಬೇಕೆಂದಿದ್ದಾರೆ. ‘ನೋಡಿ ಹಾಕು’ ಎಂದಿರುವ ಕಡೆಗಳಲ್ಲೆಲ್ಲ ಏನು ನೋಡಬೇಕೆಂದು ಬಿಡಿಸಿ ಬರೆಯಲು ನಾನು ಎರಡು ಭಾನುವಾರ ಕುಳಿತುಕೊಳ್ಳುತ್ತೇನೆಂದು ಒಪ್ಪಿದ್ದೇನೆ. ಅವರು ಹೇಳುವುದು, ನಾನು ಬರೆಯುವುದು.

ಐದರಲ್ಲಿ ನಾಲ್ಕು ಕೊಡುತ್ತೇನೆ. ಒಂದು ಕಡಿಮೆಯಾದದ್ದು ಆ ಆಧಾರ್ ಕಾಗದಕ್ಕೆ. ಅಂಗಡಿ ಬೆಳಗ್ಗೆ ಒಂಬತ್ತೂವರೆಗೆ ತೆರೆಯುತ್ತದೆ, ಮಧ್ಯಾಹ್ನ ಒಂದರಿಂದ ಎರಡೂವರೆಯವರೆಗೆ ಊಟ, ಭಾನುವಾರ ರಜೆ. ಹೋಗುವವರು ಜೆರಾಕ್ಸ್ ಅಲ್ಲ, ಮೂಲ ಕಾಗದಗಳನ್ನೇ ಕೊಂಡುಹೋಗಿ, ಮರಣ ಪತ್ರವನ್ನೂ. ಬೆಂಚಿನ ಎಡ ತುದಿಯ ಕಾಲು ಅಲ್ಲಾಡುತ್ತದೆ, ಬಲಗಡೆ ಕುಳಿತುಕೊಳ್ಳಿ.